ಡಿಮ್ಮರ್ ಇರುವ ಕೋಣೆಗೆ ಎಲ್‌ಇಡಿ ಬಲ್ಬು: ಕೊಳ್ಳುವ ಮೊದಲು, ಹಾಕುವಾಗ, ಹಾಕಿದ ಮೇಲೆ

ಎಲ್‌ಇಡಿ ಬಲ್ಬು ಈಗ ಕಿರಾಣಿ ಅಂಗಡಿಯಲ್ಲೂ ಸಿಗುತ್ತದೆ. ಹಳೆಯದನ್ನು ತೆಗೆದು ಹೊಸದನ್ನು ಸಿಕ್ಕಿಸಿದರೆ ಕೆಲಸ ಮುಗಿಯಿತು ಎನ್ನುವುದು ಮನೆಯ ಹೆಚ್ಚಿನ ಕೋಣೆಗಳ ಮಟ್ಟಿಗೆ ಸರಿಯೇ. ಆದರೆ ಬೆಳಕನ್ನು ಏರಿಸಿ ಇಳಿಸುವ ಗುಂಡಿ, ಅಂದರೆ ಡಿಮ್ಮರ್, ಇರುವ ಕಡೆ ಆ ಮಾತು ನಡೆಯುವುದಿಲ್ಲ. ಅಲ್ಲಿ ಸಾಮಾನ್ಯ ಎಲ್‌ಇಡಿ ಹಾಕಿದವರು ಬೆಳಕು ಪಟಪಟನೆ ಮಿಣುಕುವುದನ್ನೂ ಬಲ್ಬು ಗುಂಯ್‌ಗುಡುವುದನ್ನೂ ಕೆಲವೇ ತಿಂಗಳಲ್ಲಿ ಅದು ಕೆಟ್ಟು ಕೂರುವುದನ್ನೂ ಕಂಡು, ಎಲ್‌ಇಡಿಯ ಸಹವಾಸವೇ ಬೇಡವೆಂದು ಹಳದಿ ಬಲ್ಬಿಗೆ ಮರಳುತ್ತಾರೆ. ಹಾಗೆ ಮರಳಬೇಕಾದ ಅಗತ್ಯವಿಲ್ಲ. ಡಿಮ್ಮರ್ ಮತ್ತು ಬಲ್ಬು ಒಂದಕ್ಕೊಂದು ಹೊಂದುವ ಜೋಡಿಯಾಗಿರಬೇಕು, ಅಷ್ಟೆ. ಒಂದನ್ನು ಮಾತ್ರ ನೋಡಿ ಇನ್ನೊಂದನ್ನು ಮರೆತರೆ ದುಡ್ಡು ದಂಡ.

ಮೈಸೂರಿನ ನಮ್ಮ ದೊಡ್ಡಮ್ಮನ ಮನೆಯ ಪಡಸಾಲೆಯನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳುತ್ತೇನೆ. ನಡುವೆ ಆರು ಕೈಗಳ ಹಿತ್ತಾಳೆಯ ತೂಗುದೀಪ, ಒಂದೊಂದು ಕೈಗೂ 40 ವ್ಯಾಟಿನ ಸಣ್ಣ ಬಲ್ಬು, ಬಾಗಿಲ ಪಕ್ಕದ ಬೋರ್ಡಿನಲ್ಲಿ ಒಂದು ಡಿಮ್ಮರ್. ಒಟ್ಟು 240 ವ್ಯಾಟ್. ಸಂಜೆಯ ಐದು ಗಂಟೆ ಪೂರ್ತಿ ಉರಿದರೆ ದಿನಕ್ಕೆ 1.2 ಯೂನಿಟ್, ತಿಂಗಳಿಗೆ 36 ಯೂನಿಟ್. ಅಷ್ಟೇ ಬೆಳಕನ್ನು 4 ವ್ಯಾಟಿನ ಆರು ಎಲ್‌ಇಡಿ ಬಲ್ಬುಗಳು ಕೊಡುತ್ತವೆ, ತಿಂಗಳಿಗೆ 3.6 ಯೂನಿಟ್‌ನಲ್ಲಿ. ಗೃಹಜ್ಯೋತಿ ಯೋಜನೆಯಲ್ಲಿ ನಿಮ್ಮ ಮನೆಗೆ ಗೊತ್ತುಪಡಿಸಿದ ಯೂನಿಟ್‌ಗಳ ಅಂಚಿನಲ್ಲೇ ಬಳಕೆ ಓಡುತ್ತಿದ್ದರೆ, ಅಥವಾ 200 ಯೂನಿಟ್‌ನ ಮಿತಿಯನ್ನು ದಾಟುವ ಭಯವಿದ್ದರೆ, ಈ ಮೂವತ್ತೆರಡು ಯೂನಿಟ್ ಚಿಲ್ಲರೆ ಲೆಕ್ಕವಲ್ಲ.

‘ಡಿಮ್ ಮಾಡಿಕೊಂಡೇ ಇರುತ್ತೇನಲ್ಲ, ಎಷ್ಟು ಕರೆಂಟು ಹೋದೀತು ಮಗು?’ ಎನ್ನುವುದು ದೊಡ್ಡಮ್ಮನ ಪ್ರಶ್ನೆ. ಅನೇಕರು ಹೀಗೇ ತಿಳಿದಿದ್ದಾರೆ. ಆದರೆ ಹಳದಿ ಬಲ್ಬನ್ನು, ಅಂದರೆ ಒಳಗಿನ ತಂತಿ ಕಾದು ಬೆಳಗುವ ತಂತಿಯ ಬಲ್ಬನ್ನು, ಅರ್ಧ ಬೆಳಕಿಗೆ ಇಳಿಸಿದರೂ ಅದು ಮೊದಲಿನ ಶೇಕಡಾ 70ರಷ್ಟು ವಿದ್ಯುತ್ತನ್ನು ತಿನ್ನುತ್ತಲೇ ಇರುತ್ತದೆ. ಪೂರ್ತಿ ಉರಿಯುವಾಗಲೇ ತಾನು ಪಡೆದ ವಿದ್ಯುತ್ತಿನ ಶೇಕಡಾ 5ರಷ್ಟನ್ನು ಮಾತ್ರ ಬೆಳಕಾಗಿಸಿ ಉಳಿದದ್ದನ್ನು ಶಾಖವಾಗಿ ಚೆಲ್ಲುವ ಬಲ್ಬು ಅದು. ಮಂದ ಮಾಡಿದರೆ ತಂತಿ ತಣ್ಣಗಾಗಿ ಆ ಪಾಲು ಇನ್ನೂ ಕಡಿಮೆಯಾಗುತ್ತದೆ. ಎಲ್‌ಇಡಿಯಲ್ಲಿ ಬೆಳಕು ಇಳಿಸಿದಷ್ಟು ಖರ್ಚೂ ಹೆಚ್ಚುಕಡಿಮೆ ಇಳಿಯುತ್ತದೆ.

ತೊಂದರೆ ಎಲ್ಲಿ ಹುಟ್ಟುತ್ತದೆ

ಮನೆಗೆ ಬರುವ 230 ವೋಲ್ಟಿನ ವಿದ್ಯುತ್ತು ಸೆಕೆಂಡಿಗೆ 50 ಬಾರಿ ಏರಿಳಿಯುವ ಅಲೆ. ಹಳೆಯ ಡಿಮ್ಮರ್ ಪ್ರತಿ ಅರ್ಧ ಅಲೆಯ ಆರಂಭದ ತುಂಡನ್ನು ತಡೆದು, ಉಳಿದದ್ದನ್ನಷ್ಟೇ ಬಲ್ಬಿಗೆ ಬಿಡುತ್ತದೆ. ಅಂದರೆ ಸೆಕೆಂಡಿಗೆ ನೂರು ಬಾರಿ ಕರೆಂಟು ಕಡಿದು ಕೂಡುತ್ತದೆ. ತಂತಿಯ ಬಲ್ಬಿಗೆ ಇದು ಗೊತ್ತೇ ಆಗುವುದಿಲ್ಲ. ಕುಲುಮೆಯಿಂದ ತೆಗೆದ ಕಬ್ಬಿಣ ಕಣ್ಣು ಮಿಟುಕಿಸುವಷ್ಟರಲ್ಲಿ ಕಪ್ಪಾಗದು. ಕಾದ ತಂತಿಯೂ ಹಾಗೆಯೇ, ಆ ಸಣ್ಣ ಬಿಡುವಿನಲ್ಲಿ ಉರಿಯುತ್ತಲೇ ಇರುತ್ತದೆ.

ಎಲ್‌ಇಡಿ ಬಲ್ಬಿನ ಬುಡದಲ್ಲಿ ಡ್ರೈವರ್ ಎಂಬ ಪುಟ್ಟ ಸರ್ಕ್ಯೂಟ್ ಕುಳಿತಿರುತ್ತದೆ. ಹೊರಗೆ ವೋಲ್ಟೇಜ್ ಏರಲಿ ಇಳಿಯಲಿ, ಒಳಗೆ ಬೆಳಕು ಒಂದೇ ಸಮ ಇರುವಂತೆ ನೋಡಿಕೊಳ್ಳುವುದೇ ಸಾಮಾನ್ಯ ಬಲ್ಬಿನ ಡ್ರೈವರಿನ ಕೆಲಸ. ಡಿಮ್ಮರ್ ಅಲೆಯನ್ನು ಕತ್ತರಿಸಿದಾಗ ಅದು ‘ಬೆಳಕು ಕಡಿಮೆ ಮಾಡು’ ಎಂಬ ಸೂಚನೆಯೆಂದು ಈ ಡ್ರೈವರಿಗೆ ತಿಳಿಯದು. ಕಳೆದುಹೋದದ್ದನ್ನು ತುಂಬಿಕೊಳ್ಳಲು ಸಿಕ್ಕಷ್ಟು ಹೊತ್ತಿನಲ್ಲಿ ಕರೆಂಟನ್ನು ಜಗ್ಗಿ ಎಳೆಯುತ್ತದೆ, ಬಿಸಿಯಾಗುತ್ತದೆ, ಒಳಗೆ ಕರೆಂಟನ್ನು ಕೂಡಿಟ್ಟುಕೊಳ್ಳುವ ಕೆಪಾಸಿಟರ್ ಬೇಗ ಸಾಯುತ್ತದೆ. ಡಿಮ್ಮಬಲ್ ಎಂದು ಮಾರುವ ಬಲ್ಬಿನ ಡ್ರೈವರ್ ಮಾತ್ರ ಅಲೆ ಎಷ್ಟು ಕತ್ತರಿಸಿದೆ ಎಂಬುದನ್ನು ಅಳೆದು ಅದಕ್ಕೆ ತಕ್ಕಂತೆ ಬೆಳಕನ್ನು ಇಳಿಸುತ್ತದೆ.

ಇನ್ನೊಂದು ತೊಡಕು ಡಿಮ್ಮರಿನ ಕಡೆಯಿಂದ. ಹಳೆಯ ಡಿಮ್ಮರಿನ ಒಳಗಿರುವ ಟ್ರಯಾಕ್ ಎಂಬ ಬಿಡಿಭಾಗ ತನ್ನ ಮೂಲಕ ಒಂದಿಷ್ಟಾದರೂ ಕರೆಂಟು ಹರಿದರೆ ಮಾತ್ರ ಹಿಡಿತ ಬಿಡದೆ ನಿಲ್ಲುತ್ತದೆ. ಹಾಗಾಗಿ ಅದಕ್ಕೆ ಕನಿಷ್ಠ ಲೋಡ್ ಎಂಬ ಮಿತಿ, ಅಂದರೆ ಕಡಿಮೆಯೆಂದರೂ ಇಷ್ಟು ವ್ಯಾಟಿನ ಬಲ್ಬುಗಳಿರಬೇಕು ಎಂಬ ಲೆಕ್ಕ, ಇರುತ್ತದೆ. ದೊಡ್ಡಮ್ಮನ ಡಿಮ್ಮರಿನ ಬೆನ್ನ ಮೇಲೆ ಕನಿಷ್ಠ 60 ವ್ಯಾಟ್, ಗರಿಷ್ಠ 400 ವ್ಯಾಟ್ ಎಂದು ಅಚ್ಚಾಗಿತ್ತು. 240 ವ್ಯಾಟ್ ಇದ್ದಾಗ ಅದು ನೆಮ್ಮದಿಯಾಗಿತ್ತು. ಆರು ಎಲ್‌ಇಡಿ ಸೇರಿ 24 ವ್ಯಾಟ್. ಬಲ್ಬುಗಳು ಎಷ್ಟೇ ಒಳ್ಳೆಯವಾದರೂ ಆ ಡಿಮ್ಮರ್ ಅವುಗಳನ್ನು ಸರಿಯಾಗಿ ಆಳಲಾರದು.

ಮೊದಲು ಮನೆಯೆಲ್ಲ ಒಮ್ಮೆ ಸುತ್ತಿ ಬನ್ನಿ

ಡಿಮ್ಮಬಲ್ ಬಲ್ಬು ಸಾಮಾನ್ಯ ಬಲ್ಬಿಗಿಂತ ದುಬಾರಿ. ಎಲ್ಲ ಕಡೆಗೂ ಅದನ್ನೇ ಕೊಳ್ಳುವುದು ವ್ಯರ್ಥ. ಅಡುಗೆಮನೆ, ಬಚ್ಚಲು, ಉಗ್ರಾಣ, ಹೊರಜಗಲಿ, ಮೆಟ್ಟಿಲು ಇಲ್ಲೆಲ್ಲ ಸಾಮಾನ್ಯ ಎಲ್‌ಇಡಿಯೇ ಸಾಕು. 2015ರಲ್ಲಿ ಆರಂಭವಾದ ಕೇಂದ್ರದ ಉಜಾಲಾ ಯೋಜನೆಯಲ್ಲಿ, ನಮ್ಮ ರಾಜ್ಯದಲ್ಲಿ ‘ಹೊಸ ಬೆಳಕು’ ಎಂಬ ಹೆಸರಿನಲ್ಲಿ, ಕಡಿಮೆ ದರಕ್ಕೆ ಹಂಚಿದ 9 ವ್ಯಾಟಿನ ಬಲ್ಬುಗಳೂ ಸಾಮಾನ್ಯ ಬಲ್ಬುಗಳೇ. ಮನೆಯಲ್ಲಿ ಅವು ಉಳಿದಿದ್ದರೆ ಇಂಥ ಜಾಗಗಳಿಗೆ ಬಳಸಿ, ಡಿಮ್ಮರ್ ಇರುವ ಹೋಲ್ಡರಿಗೆ ಹಾಕಬೇಡಿ. ‘ಡಿಮ್ಮರನ್ನು ಪೂರ್ತಿ ಮೇಲಕ್ಕೇ ಇಟ್ಟಿರುತ್ತೇವೆ, ಏನೂ ಆಗುವುದಿಲ್ಲ’ ಎನ್ನುವವರೂ ಇದ್ದಾರೆ. ಪೂರ್ತಿ ಮೇಲಿದ್ದರೂ ಹೆಚ್ಚಿನ ಡಿಮ್ಮರುಗಳು ಅಲೆಯ ಒಂದು ಸಣ್ಣ ಚೂರನ್ನು ಕತ್ತರಿಸುತ್ತಲೇ ಇರುತ್ತವೆ.

ಬೋರ್ಡಿನಲ್ಲಿರುವ ಗುಂಡಿ ನಿಜಕ್ಕೂ ಡಿಮ್ಮರೇ ಎಂದು ಖಚಿತಪಡಿಸಿಕೊಳ್ಳಿ. ಮಾಡ್ಯುಲರ್ ಬೋರ್ಡುಗಳಲ್ಲಿ ಫ್ಯಾನಿನ ರೆಗ್ಯುಲೇಟರೂ ಡಿಮ್ಮರೂ ಅವಳಿಗಳಂತೆ ಕಾಣುತ್ತವೆ. ಕಟ್ ಕಟ್ ಎಂದು ನಾಲ್ಕೈದು ಹಂತಗಳಲ್ಲಿ ತಿರುಗಿದರೆ ಅದು ಬಹುತೇಕ ಕೆಪಾಸಿಟರ್ ಇರುವ ಫ್ಯಾನ್ ರೆಗ್ಯುಲೇಟರ್. ಅದಕ್ಕೆ ಯಾವ ಬಲ್ಬನ್ನೂ ಜೋಡಿಸಬಾರದು, ಡಿಮ್ಮಬಲ್ ಎಲ್‌ಇಡಿಯನ್ನಂತೂ ಬೇಡವೇ ಬೇಡ. ಹಳೆಯ ಮನೆಗಳಲ್ಲಿ ಫ್ಯಾನ್ ತೆಗೆದ ಜಾಗಕ್ಕೆ ದೀಪ ತೂಗುಹಾಕಿ ರೆಗ್ಯುಲೇಟರನ್ನು ಹಾಗೇ ಬಿಟ್ಟಿರುವುದುಂಟು. ಅಂಥದ್ದು ಕಂಡರೆ ಮೊದಲು ಅದನ್ನು ಬದಲಿಸಿ.

ಹಾಗೆಯೇ ನಿಮಗೆ ನಿಜವಾಗಿ ಡಿಮ್ಮರ್ ಬೇಕೇ ಎಂದೂ ಯೋಚಿಸಿ. ಗುಂಡಿಯನ್ನು ಯಾರೂ ಮುಟ್ಟಿಲ್ಲವಾದರೆ ಡಿಮ್ಮರನ್ನೇ ತೆಗೆಸಿ, ಮಾಮೂಲಿ ಸ್ವಿಚ್ ಹಾಕಿಸಿ, ಸಾಮಾನ್ಯ ಎಲ್‌ಇಡಿ ಬಳಸುವುದು ಎಲ್ಲಕ್ಕಿಂತ ಅಗ್ಗದ ಮತ್ತು ಬಾಳಿಕೆಯ ದಾರಿ. ಓದುವಾಗ ಜೋರು, ಟಿವಿ ನೋಡುವಾಗ ಮಂದ ಎಂಬ ಎರಡು ಮೂರು ಹಂತ ಸಾಕೆನ್ನುವವರಿಗೆ ಸ್ವಿಚ್ಚನ್ನು ಆರಿಸಿ ಮತ್ತೆ ಹಾಕಿದರೆ ಹಂತ ಬದಲಾಗುವ ಬಲ್ಬುಗಳು ಬಂದಿವೆ. ಅವುಗಳಿಗೆ ಡಿಮ್ಮರ್ ಬೇಡ, ಇರಲೂ ಬಾರದು. ಮೊಬೈಲಿನಿಂದ ನಿಯಂತ್ರಿಸುವ ಸ್ಮಾರ್ಟ್ ಬಲ್ಬಿಗೂ ಇದೇ ನಿಯಮ.

ಕೊಳ್ಳುವಾಗ ಪೆಟ್ಟಿಗೆಯ ಮೇಲೆ ನೋಡಬೇಕಾದದ್ದು

ಹಳೆಯ ಬಲ್ಬನ್ನೇ ಕೈಯಲ್ಲಿ ಹಿಡಿದು ಅಂಗಡಿಗೆ ಹೋಗಿ. ನಮ್ಮಲ್ಲಿ ಹೆಚ್ಚಾಗಿರುವುದು ಎರಡು ಪಿನ್ನಿನ ಒತ್ತಿ ತಿರುಗಿಸುವ ಬಲ್ಬು, ಅದರ ಗುರುತು ಬಿ22. ಅಲಂಕಾರದ ದೀಪಗಳಲ್ಲಿ ಮರೆಯ ಹೋಲ್ಡರ್, ಅಂದರೆ ಬಲ್ಬನ್ನು ತಿರುಪಿನಂತೆ ಸುತ್ತಿ ಕೂರಿಸುವ ಹೋಲ್ಡರ್, ಇರುತ್ತದೆ: ದಪ್ಪನೆಯದು ಇ27, ತೂಗುದೀಪದ ಮೊಂಬತ್ತಿಯಾಕಾರದ ಬಲ್ಬುಗಳ ಸಣ್ಣದು ಇ14. ಡಿಮ್ಮಬಲ್ ಬಲ್ಬುಗಳು ಪಿನ್ನಿಗಿಂತ ಮರೆಯ ಮಾದರಿಯಲ್ಲೇ ಹೆಚ್ಚು ಸಿಗುತ್ತವೆ. ಪಿನ್ ಹೋಲ್ಡರನ್ನು ಮರೆಯ ಹೋಲ್ಡರ್ ಆಗಿಸುವ ಅಡಾಪ್ಟರುಗಳಿವೆ, ಆದರೆ ಬಲ್ಬು ಅಷ್ಟು ಕೆಳಕ್ಕಿಳಿದು ಗಾಜಿನ ಬುರುಡೆಯಿಂದ ಹೊರಗೆ ಇಣುಕುತ್ತದೆಯೇ ಎಂದು ಅಳತೆ ನೋಡಿಕೊಳ್ಳಿ.

ವ್ಯಾಟನ್ನು ಮರೆತು, ಬೆಳಕಿನ ಪ್ರಮಾಣವನ್ನು ಹೇಳುವ ಲ್ಯೂಮೆನ್ ನೋಡಿ. ಹಳೆಯ 40 ವ್ಯಾಟಿನ ಬಲ್ಬು ಸುಮಾರು 400 ಲ್ಯೂಮೆನ್, 60 ವ್ಯಾಟಿನದು ಸುಮಾರು 700, 100 ವ್ಯಾಟಿನದು ಸುಮಾರು 1,300 ಲ್ಯೂಮೆನ್ ಬೆಳಕು ಕೊಡುತ್ತಿತ್ತು. ಎಲ್‌ಇಡಿಯಲ್ಲಿ ವ್ಯಾಟಿಗೆ ಸುಮಾರು 100 ಲ್ಯೂಮೆನ್ ಎಂದು ಹಿಡಿದರೆ ಕ್ರಮವಾಗಿ 4, 7, 13 ವ್ಯಾಟ್ ಆಗುತ್ತದೆ. ಹಳದಿ ಛಾಯೆಯ ಡಿಮ್ಮಬಲ್ ಬಲ್ಬುಗಳಲ್ಲಿ ವ್ಯಾಟಿಗೆ ಇದಕ್ಕಿಂತ ತುಸು ಕಡಿಮೆ ಬರುವುದುಂಟು, ಆದ್ದರಿಂದ ಲ್ಯೂಮೆನ್ ಅಂಕಿಯನ್ನೇ ನಂಬಿ. ಮನೆಯಲ್ಲಿ ವಯಸ್ಸಾದವರಿದ್ದರೆ ಒಂದು ಮೆಟ್ಟಿಲು ಮೇಲಿನದನ್ನೇ ಕೊಳ್ಳಿ. ಅರವತ್ತು ದಾಟಿದ ಕಣ್ಣಿಗೆ ಪತ್ರಿಕೆ ಓದಲು ಎಳೆಯರಿಗಿಂತ ಬಹಳ ಹೆಚ್ಚು ಬೆಳಕು ಬೇಕು, ಮತ್ತು ಡಿಮ್ಮರ್ ಇರುವಾಗ ಹೆಚ್ಚಾದದ್ದನ್ನು ಇಳಿಸಿಕೊಳ್ಳುವುದು ಸುಲಭ. ಸಾಲದ್ದನ್ನು ಏರಿಸಲು ದಾರಿಯಿಲ್ಲ.

ಬಣ್ಣದ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತವಾಗಿದೆ: ಡಿಮ್ ಮಾಡುವ ಕೋಣೆಗೆ 2,700 ಕೆಲ್ವಿನ್‌ನದೇ ಬೇಕು, ಹೆಚ್ಚೆಂದರೆ 3,000. ಕೆಲ್ವಿನ್ ಎಂಬುದು ಬೆಳಕಿನ ಬಣ್ಣದ ಅಳತೆ, ಅಂಕಿ ಕಡಿಮೆಯಾದಷ್ಟೂ ಹಳದಿ. ಪೆಟ್ಟಿಗೆಯ ಮೇಲೆ ವಾರ್ಮ್ ವೈಟ್ ಎಂದಿರುತ್ತದೆ. ಹಳೆಯ ಬಲ್ಬಿನ ಬಣ್ಣಕ್ಕೆ ಹತ್ತಿರವಾದದ್ದು ಇದೇ. ಅಂಗಡಿಯವರು ಕೇಳದೆಯೇ ಕೈಗಿಡುವ 6,500 ಕೆಲ್ವಿನ್‌ನ ಕೂಲ್ ಡೇಲೈಟ್ ಬಲ್ಬನ್ನು ಮಂದ ಮಾಡಿದರೆ ಕೋಣೆ ನೀಲಿ ಬೂದು ಬಣ್ಣಕ್ಕೆ ತಿರುಗಿ, ಅನ್ನ ಸಾರು ಕೂಡ ಸಪ್ಪೆಯಾಗಿ ಕಾಣುತ್ತದೆ. ಇಲ್ಲಿ ಇನ್ನೊಂದು ವಿಷಯ ಮೊದಲೇ ತಿಳಿದಿರಲಿ. ತಂತಿಯ ಬಲ್ಬನ್ನು ಇಳಿಸುತ್ತ ಹೋದಂತೆ ಅದು ಕಿತ್ತಳೆಯಾಗಿ, ಕೆಂಪಾಗಿ ಹಿತವಾಗುತ್ತಿತ್ತು, ಏಕೆಂದರೆ ಅದರ ಬಣ್ಣ ತಂತಿಯ ಶಾಖದ ಮೇಲೆ ನಿಂತಿತ್ತು. ಎಲ್‌ಇಡಿಯ ಬಿಳುಪು ಹುಟ್ಟುವುದು ನೀಲಿ ಬೆಳಕು ಸೂಸುವ ಪುಟ್ಟ ಎಲೆಕ್ಟ್ರಾನಿಕ್ ಚಿಪ್ಪಿನ ಬೆಳಕು ಹಳದಿ ಲೇಪನದ ಮೂಲಕ ಹಾಯುವುದರಿಂದ. ಎಷ್ಟು ಇಳಿಸಿದರೂ ಆ ಬಣ್ಣ ಅದೇ ಇರುತ್ತದೆ. ಹಳೆಯ ಕೆಂಪು ಛಾಯೆಯೇ ಬೇಕಾದವರು ವಾರ್ಮ್ ಡಿಮ್ ಅಥವಾ ಡಿಮ್ ಟು ವಾರ್ಮ್ ಎಂಬ ಬರಹವಿರುವ ಬಲ್ಬನ್ನು ಹುಡುಕಬೇಕು. ಅದರಲ್ಲಿ ಎರಡು ಬಣ್ಣದ ಚಿಪ್ಪುಗಳಿದ್ದು, ಬೆಳಕು ಇಳಿದಂತೆ ಕೆಂಪಿನ ಪಾಲು ಹೆಚ್ಚುತ್ತದೆ.

ಸಿಆರ್‌ಐ ಎಂಬ ಅಂಕಿಯೂ ಪೆಟ್ಟಿಗೆಯಲ್ಲಿರುತ್ತದೆ. ಬಣ್ಣಗಳನ್ನು ಇದ್ದಂತೆ ತೋರಿಸುವ ಗುಣದ ಅಳತೆ ಅದು. ಹಳೆಯ ಬಲ್ಬಿನದು 100, ಸಾಧಾರಣ ಎಲ್‌ಇಡಿಯದು 80. ರೇಷ್ಮೆ ಸೀರೆಯ ಕೆಂಪು, ಮರದ ಕಂಬದ ಕಂದು ಸರಿಯಾಗಿ ಕಾಣಬೇಕಾದ ಪಡಸಾಲೆಗೆ 90 ಇರುವುದನ್ನು ಕೊಳ್ಳಲು ಹಣ ಹೆಚ್ಚು ಕೊಟ್ಟರೂ ಬೇಸರಪಡಬೇಡಿ.

ವೋಲ್ಟೇಜ್ ವ್ಯಾಪ್ತಿಯನ್ನು ತಪ್ಪದೆ ಓದಿ. ನಮ್ಮಲ್ಲಿ ಮಾರುವ ಅನೇಕ ಸಾಮಾನ್ಯ ಎಲ್‌ಇಡಿಗಳು 100ರಿಂದ 300 ವೋಲ್ಟಿನವರೆಗೆ ತಡೆದುಕೊಳ್ಳುತ್ತವೆ. ಡಿಮ್ಮಬಲ್ ಬಲ್ಬುಗಳ ಮೇಲೆ ಹೆಚ್ಚಾಗಿ 220ರಿಂದ 240 ವೋಲ್ಟ್ ಎಂದಷ್ಟೇ ಇರುತ್ತದೆ. ಪಂಪ್‌ಸೆಟ್‌ಗಳು ಓಡುವ ಹೊತ್ತಿಗೆ ವೋಲ್ಟೇಜ್ ಕುಸಿಯುವ ಹಳ್ಳಿಯ ಮನೆಗಳಲ್ಲಿ ಈ ಬಲ್ಬುಗಳು ತಾವಾಗಿಯೇ ಮಂದವಾಗುವುದು, ಮಿಣುಕುವುದು ಸಹಜ. ಅಂಥ ಊರಿನಲ್ಲಿ ಹಂತ ಬದಲಾಗುವ ಬಲ್ಬೇ ಜಾಣ ಆಯ್ಕೆ.

ಡಿಮ್ಮಬಲ್ ಎಂಬ ಪದ ಪೆಟ್ಟಿಗೆಯ ಮೇಲೆ ಅಚ್ಚಾಗಿರಲೇಬೇಕು. ‘ಎಲ್ಲ ಎಲ್‌ಇಡಿಯೂ ಡಿಮ್ ಆಗುತ್ತದೆ ಸಾರ್’ ಎಂಬ ಮಾತಿಗೆ ಮರುಳಾಗಬೇಡಿ. ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ನೋಂದಣಿ ಸಂಖ್ಯೆ ಇಲ್ಲದ ಬಲ್ಬನ್ನು ಮುಟ್ಟಲೇಬೇಡಿ. ಬೀದಿಯ ಅಂಗಡಿಯಲ್ಲಿ ಸಿಗದಿದ್ದರೆ ಬೆಂಗಳೂರಿನ ಎಸ್‌ಜೆಪಿ ರಸ್ತೆಯಂಥ ವಿದ್ಯುತ್ ಸಾಮಾನಿನ ಪೇಟೆಯಲ್ಲಿ ಅಥವಾ ಆನ್‌ಲೈನಿನಲ್ಲಿ ಸಿಗುತ್ತದೆ. ಎಲ್ಲಿ ಕೊಂಡರೂ ಮೊದಲು ಒಂದೇ ಒಂದು ಡಿಮ್ಮರಿಗೆ ಬೇಕಾದಷ್ಟು ಮಾತ್ರ ಕೊಳ್ಳಿ, ಬಿಲ್ಲನ್ನೂ ಪೆಟ್ಟಿಗೆಯನ್ನೂ ಜೋಪಾನ ಮಾಡಿ. ಪರೀಕ್ಷೆ ಮುಗಿದ ಮೇಲೆ ಉಳಿದ ಕೋಣೆಗಳಿಗೆ ತಂದರಾಯಿತು.

ಡಿಮ್ಮರನ್ನು ಬದಲಿಸುವುದು

ಈಗಿರುವ ಡಿಮ್ಮರ್ ಎಲ್‌ಇಡಿಗೆ ಒಗ್ಗುತ್ತದೆ ಎಂದು ಅದರ ಮೇಲೆಯೇ ಬರೆದಿದ್ದರೆ, ನಿಮ್ಮ ಹೊಸ ಬಲ್ಬುಗಳ ಒಟ್ಟು ವ್ಯಾಟ್ ಅದರ ಕನಿಷ್ಠ ಮಿತಿಗಿಂತ ಮೇಲಿದ್ದರೆ, ಮುಂದಿನ ಭಾಗಕ್ಕೆ ಹೋಗಿ. ಇಲ್ಲವಾದರೆ ಎಲ್‌ಇಡಿಗಾಗಿಯೇ ಮಾಡಿದ ಡಿಮ್ಮರ್ ಬೇಕು. ಇವುಗಳಲ್ಲಿ ಒಳ್ಳೆಯವು ಅಲೆಯ ಆರಂಭದ ತುಂಡಿನ ಬದಲು ಕೊನೆಯ ತುಂಡನ್ನು ಕತ್ತರಿಸುತ್ತವೆ. ಟ್ರೇಲಿಂಗ್ ಎಡ್ಜ್ ಎಂದು ಕೇಳಿ. ಅಲೆ ಮೆಲ್ಲಗೆ ಏರುವುದರಿಂದ ಡ್ರೈವರಿಗೆ ಪ್ರತಿ ಬಾರಿ ಪೆಟ್ಟು ಬೀಳುವುದಿಲ್ಲ, ಸದ್ದೂ ಕಡಿಮೆ. ಕನಿಷ್ಠ ಲೋಡ್ ಐದೋ ಹತ್ತೋ ವ್ಯಾಟ್ ಇರುವುದನ್ನು ಆರಿಸಿ. ಗರಿಷ್ಠ ಮಿತಿಯಲ್ಲಿ ಎಲ್‌ಇಡಿಗೆ ಬೇರೆ ಅಂಕಿ ಕೊಟ್ಟಿದ್ದರೆ ಅದನ್ನೇ ಪಾಲಿಸಿ. ಕೊಟ್ಟಿಲ್ಲದಿದ್ದರೆ ತಂತಿಯ ಬಲ್ಬಿಗೆ ಬರೆದಿರುವ ಅಂಕಿಯ ಹತ್ತನೇ ಒಂದು ಭಾಗ ಎಂದು ಲೆಕ್ಕ ಹಾಕುವುದು ಕ್ಷೇಮ. ಏಕೆಂದರೆ ಎಲ್‌ಇಡಿಗಳು ಹೊತ್ತುವ ಕ್ಷಣದಲ್ಲಿ ತಮ್ಮ ವ್ಯಾಟಿಗೆ ಮೀರಿದ ಕರೆಂಟನ್ನು ಎಳೆಯುತ್ತವೆ.

ಸ್ವಿಚ್ ಬೋರ್ಡನ್ನು ಬಿಚ್ಚಿ ಅಭ್ಯಾಸವಿಲ್ಲದವರು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನರನ್ನು ಕರೆಯಿರಿ. ಸಣ್ಣ ಕೂಲಿ ಉಳಿಸಲು ಜೀವದ ಮೇಲೆ ಪಂದ್ಯ ಕಟ್ಟಬೇಡಿ. ಅವರು ಬಂದಾಗ ಪಕ್ಕದಲ್ಲಿ ನಿಂತು ನೋಡಲು ಕ್ರಮ ಗೊತ್ತಿರಲಿ. ಮೊದಲು ಆ ಕೋಣೆಯ ಕರೆಂಟನ್ನು ಕಡಿಯುವ ಎಂಸಿಬಿ ಸ್ವಿಚ್ಚನ್ನು ಕೆಳಗಿಳಿಸಬೇಕು. ಟೆಸ್ಟರನ್ನು ಕರೆಂಟು ಇದೆ ಎಂದು ಖಚಿತವಾಗಿರುವ ಬೇರೊಂದು ಪ್ಲಗ್ಗಿನಲ್ಲಿ ಚುಚ್ಚಿ, ಅದು ಹೊತ್ತಿದ್ದನ್ನು ಕಂಡ ಮೇಲೆಯೇ ಬೋರ್ಡಿನ ಪ್ರತಿ ಟರ್ಮಿನಲ್ಲನ್ನೂ ಮುಟ್ಟಿ ನೋಡಬೇಕು. ಕೆಟ್ಟ ಟೆಸ್ಟರ್ ಎಲ್ಲ ಕಡೆಯೂ ಕರೆಂಟಿಲ್ಲ ಎಂದೇ ಹೇಳುತ್ತದೆ. ಹಳೆಯ ಡಿಮ್ಮರಿನ ವೈರುಗಳನ್ನು ಬಿಚ್ಚುವ ಮೊದಲು ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ಹೆಚ್ಚಿನ ಡಿಮ್ಮರುಗಳಿಗೆ ಎರಡೇ ವೈರು: ಒಳಬರುವ ಫೇಸ್, ಬಲ್ಬಿಗೆ ಹೋಗುವ ಲೈನ್. ಕೆಲವು ಹೊಸ ಡಿಮ್ಮರುಗಳು ನ್ಯೂಟ್ರಲ್ ಕೂಡ ಕೇಳುತ್ತವೆ. ಆ ನ್ಯೂಟ್ರಲ್ ಅದೇ ಸರ್ಕ್ಯೂಟಿನದಾಗಿರಬೇಕು. ಪಕ್ಕದ ಸರ್ಕ್ಯೂಟಿನಿಂದ ಎರವಲು ತಂದರೆ, ಕರೆಂಟು ಸೋರಿದಾಗ ತಾನಾಗಿ ಬೀಳುವ ಆರ್‌ಸಿಸಿಬಿ ಸ್ವಿಚ್ ಪದೇ ಪದೇ ಬೀಳುತ್ತದೆ.

ಬಲ್ಬು ಹಾಕುವಾಗ

ಸ್ವಿಚ್ ಆರಿಸಿದರೆ ಸಾಲದು, ಇಲ್ಲಿಯೂ ಎಂಸಿಬಿ ಇಳಿಸಿ. ಹಳೆಯ ವೈರಿಂಗಿನಲ್ಲಿ ಸ್ವಿಚ್ಚನ್ನು ಫೇಸಿನ ಬದಲು ನ್ಯೂಟ್ರಲ್ಲಿಗೆ ಹಾಕಿದ ಉದಾಹರಣೆಗಳು ಸಾಕಷ್ಟಿವೆ. ಅಂಥ ಕಡೆ ದೀಪ ಆರಿದ್ದರೂ ಹೋಲ್ಡರಿನಲ್ಲಿ ಕರೆಂಟು ಜೀವಂತವಾಗಿರುತ್ತದೆ.

ಬಲ್ಬು ತಣ್ಣಗಾದ ಮೇಲೆ ತೆಗೆದು, ಹೋಲ್ಡರನ್ನು ಟಾರ್ಚ್ ಬೆಳಕಿನಲ್ಲಿ ಚೆನ್ನಾಗಿ ನೋಡಿ. ಈ ಕೆಲಸದಲ್ಲಿ ಜನ ಅತಿ ಹೆಚ್ಚು ಅವಸರ ಮಾಡುವುದು ಇಲ್ಲೇ. ವರ್ಷಗಟ್ಟಲೆ 60, 100 ವ್ಯಾಟಿನ ಬಲ್ಬು ಉರಿದ ಹೋಲ್ಡರ್ ಒಳಗೊಳಗೇ ಬೆಂದಿರುತ್ತದೆ. ಪಿನ್ ಹೋಲ್ಡರಿನಲ್ಲಿ ಎರಡು ಹಿತ್ತಾಳೆಯ ಮೊಳಕೆಗಳು ಸ್ಪ್ರಿಂಗಿನ ಮೇಲೆ ಕುಳಿತಿರುತ್ತವೆ. ಒಣಗಿದ ಮರದ ಕಡ್ಡಿಯಿಂದ ಒತ್ತಿ ನೋಡಿದರೆ ಅವು ಪುಟಿದು ಮೇಲೆ ಬರಬೇಕು. ಒಂದು ಒಳಗೇ ಕೂತರೆ, ತುದಿ ಕಪ್ಪಾಗಿ ಗುಳಿ ಬಿದ್ದಿದ್ದರೆ, ಹೊಸ ಬಲ್ಬಿಗೆ ಸರಿಯಾದ ಸಂಪರ್ಕ ಸಿಗದೆ ಕಿಡಿ ಹಾರುತ್ತದೆ. ಮಿಣುಕುವ ಎಲ್‌ಇಡಿಗಳಲ್ಲಿ ಅನೇಕವುಗಳ ರೋಗದ ಮೂಲ ಈ ಹೋಲ್ಡರೇ ಹೊರತು ಡಿಮ್ಮರಲ್ಲ. ಹೋಲ್ಡರಿನ ಬೇಕಲೈಟ್ ಮೈ ಬಿರುಕು ಬಿಟ್ಟಿದೆಯೇ, ಮೇಲಿನ ವೈರಿನ ಹೊದಿಕೆ ಗಟ್ಟಿಯಾಗಿ ಮುಟ್ಟಿದರೆ ಉದುರುತ್ತದೆಯೇ ಎಂದೂ ನೋಡಿ. ದೊಡ್ಡಮ್ಮನ ತೂಗುದೀಪದ ಎರಡು ಕೈಗಳಲ್ಲಿ ವೈರಿನ ಹೊದಿಕೆ ಹಪ್ಪಳದ ಚೂರಿನಂತೆ ಕಳಚಿ ಬಂತು, ಒಳಗಿನ ತಾಮ್ರ ಬರಿದಾಗಿ ಹಿತ್ತಾಳೆಗೆ ತಾಗುವಷ್ಟು ಹತ್ತಿರವಿತ್ತು. ಶಾಖ ತಡೆಯುವ ವೈರನ್ನೂ ಹೊಸ ಹೋಲ್ಡರುಗಳನ್ನೂ ಹಾಕಿಸಿ, ಲೋಹದ ದೇಹಕ್ಕೆ ಅರ್ಥಿಂಗ್ ಕೊಡಿಸಿದ ಮೇಲೆಯೇ ಬಲ್ಬಿನ ಮಾತು ಎತ್ತಿದ್ದು.

ಹೊಸ ಬಲ್ಬನ್ನು ಬುಡ ಹಿಡಿದು ಕೂರಿಸಿ. ಮೇಲಿನ ಬಿಳಿ ಬುರುಡೆಯನ್ನು ಹಿಡಿದು ತಿರುಗಿಸಿದರೆ ಅದು ಬುಡದಿಂದ ಕಳಚಿ ಬರಬಹುದು. ಒಂದೇ ಡಿಮ್ಮರಿನ ಕೆಳಗೆ ಒಂದೇ ಕಂಪನಿಯ, ಒಂದೇ ಮಾದರಿಯ ಬಲ್ಬುಗಳಷ್ಟೇ ಇರಲಿ. ಆರರಲ್ಲಿ ಐದು ಎಲ್‌ಇಡಿ, ಒಂದು ಹಳೆಯ ತಂತಿಯ ಬಲ್ಬು ಇಟ್ಟರೆ ಹಳೆಯ ಡಿಮ್ಮರಿಗೂ ಲೋಡ್ ಸಿಕ್ಕಿ ಮಿಣುಕು ನಿಲ್ಲುತ್ತದೆ ಎಂಬ ಸಲಹೆಯನ್ನು ಕೆಲವರು ಕೊಡುತ್ತಾರೆ. ನಿಲ್ಲುವುದು ನಿಜ. ಆದರೆ ಉಳಿತಾಯದ ಆರನೇ ಒಂದು ಪಾಲು ಆ ಒಂದು ಬಲ್ಬಿನಲ್ಲೇ ಕರಗಿಹೋಗುತ್ತದೆ, ಐದು ಒಂದು ಬಣ್ಣಕ್ಕೆ, ಒಂದು ಇನ್ನೊಂದು ಬಣ್ಣಕ್ಕೆ ಇಳಿಯುತ್ತವೆ. ತಾತ್ಕಾಲಿಕವಾಗಿ ಸರಿ, ಶಾಶ್ವತಕ್ಕಲ್ಲ.

ಪೂರ್ತಿ ಮುಚ್ಚಿದ ಗಾಜಿನ ಗೋಳದೊಳಗೆ ಹಾಕುವುದಾದರೆ ಪೆಟ್ಟಿಗೆಯ ಸೂಚನೆ ಓದಿ. ಎಲ್‌ಇಡಿ ಚಿಪ್ಪು ಶಾಖವನ್ನು ತಡೆದುಕೊಂಡರೂ ಡ್ರೈವರಿನ ಕೆಪಾಸಿಟರ್ ತಡೆಯಲಾರದು. 15,000 ಗಂಟೆ ಬಾಳುತ್ತದೆ ಎಂದು ಬರೆದ ಬಲ್ಬು ಗಾಳಿಯಾಡದ ಗೋಳದಲ್ಲಿ ಅದರ ಅರ್ಧವೂ ಬಾಳದೆ ಹೋಗಬಹುದು.

ಪರೀಕ್ಷೆ

ಹಗಲಿನಲ್ಲಿ ಹಾಕಿ ‘ಹೊತ್ತಿತು’ ಎಂದು ಬಿಡಬೇಡಿ. ರಾತ್ರಿ, ಮನೆಯವರೆಲ್ಲ ಇರುವಾಗ ಪರೀಕ್ಷಿಸಿ. ಡಿಮ್ಮರನ್ನು ಪೂರ್ತಿ ಮೇಲಿಟ್ಟು ಹತ್ತು ನಿಮಿಷ ಬಿಡಿ. ಆಮೇಲೆ ನಿಧಾನವಾಗಿ ಇಳಿಸುತ್ತ ಬನ್ನಿ. ಎಲ್ಲ ಬಲ್ಬುಗಳೂ ಒಟ್ಟಿಗೆ ಇಳಿಯುತ್ತಿವೆಯೇ, ನಡುವೆ ಎಲ್ಲಾದರೂ ಜಿಗಿಯುತ್ತವೆಯೇ ನೋಡಿ. ಅತಿ ಕೆಳಗಿನ ಬಿಂದುವಿಗೆ ತಂದು ಅಲ್ಲಿಯೇ ಆರಿಸಿ ಮತ್ತೆ ಹಾಕಿ. ಕೆಳಗಿನ ಬಿಂದುವಿನಲ್ಲಿ ಉರಿಯುತ್ತಿದ್ದ ಬಲ್ಬು ಅದೇ ಬಿಂದುವಿನಿಂದ ಹೊತ್ತಿಕೊಳ್ಳುವುದಿಲ್ಲ ಎಂಬುದು ಸಾಮಾನ್ಯ ದೂರು.

ಫ್ಯಾನ್ ನಿಲ್ಲಿಸಿ, ಟಿವಿ ಆರಿಸಿ, ಕಿವಿಗೊಟ್ಟು ಕೇಳಿ. ಸದ್ದು ಬೋರ್ಡಿನಿಂದ ಬರುತ್ತಿದೆಯೋ ಬಲ್ಬಿನಿಂದಲೋ ಎಂದು ಗುರುತಿಸಿ. ಮೊಬೈಲಿನ ಕ್ಯಾಮೆರಾವನ್ನು ಸ್ಲೋ ಮೋಷನ್ನಿಗೆ ಹಾಕಿ ಬಲ್ಬಿನತ್ತ ಹಿಡಿದರೆ ಕಣ್ಣಿಗೆ ಕಾಣದ ಮಿಣುಕು ತೆರೆಯ ಮೇಲೆ ಪಟ್ಟೆಪಟ್ಟೆಯಾಗಿ ಕಾಣುತ್ತದೆ. ಮೈಗ್ರೇನ್ ಇರುವವರು ಮನೆಯಲ್ಲಿದ್ದರೆ ಇದನ್ನು ಉದಾಸೀನ ಮಾಡಬೇಡಿ. ಕಣ್ಣಿಗೆ ಕಾಣದಿದ್ದರೂ ಆ ಮಿಣುಕು ಕೆಲವರಿಗೆ ತಲೆನೋವು ತರುತ್ತದೆ. ಕೊನೆಗೆ ಮಿಕ್ಸಿ, ನೀರಿನ ಪಂಪು ಒಂದೊಂದಾಗಿ ಓಡಿಸಿ, ಆಗ ಬೆಳಕು ತಡವರಿಸುತ್ತದೆಯೇ ನೋಡಿ.

ಬಲ್ಬಿನ ಪೆಟ್ಟಿಗೆಯ ಮೇಲೆ ಶೇಕಡಾ 10ರವರೆಗೆ ಇಳಿಯುತ್ತದೆ ಎಂದಿರಬಹುದು. ಆದರೆ ಉಪಕರಣ ಅಳೆದ ಶೇಕಡಾ 10ರಷ್ಟು ಬೆಳಕು ಕತ್ತಲಿಗೆ ಹೊಂದಿಕೊಂಡ ನಮ್ಮ ಕಣ್ಣಿಗೆ ಮೂರನೇ ಒಂದು ಭಾಗದಷ್ಟು ಕಾಣುತ್ತದೆ. ಮಗು ಮಲಗುವ ಕೋಣೆಗೆ ನಿಜವಾದ ಮಂದ ಬೆಳಕು ಬೇಕಿದ್ದರೆ ಶೇಕಡಾ 1ರ ಸಮೀಪಕ್ಕೆ ಇಳಿಯುವ ಬಲ್ಬನ್ನೇ ಕೇಳಬೇಕು.

ಕಾಣುವ ತೊಂದರೆ, ಅದರ ಮದ್ದು

ಕೆಳಗಿನ ಬಿಂದುವಿನಲ್ಲಿ ಮಾತ್ರ ಮಿಣುಕಿದರೆ ಎಲ್‌ಇಡಿ ಡಿಮ್ಮರುಗಳಲ್ಲಿರುವ ಸಣ್ಣ ತಿರುಪನ್ನು ನೋಡಿ. ಗುಂಡಿಯ ಹಿಂದೆ ಅಥವಾ ಪಕ್ಕದಲ್ಲಿರುತ್ತದೆ. ಬೆಳಕು ಎಲ್ಲಿಗೆ ನಿಲ್ಲಬೇಕು ಎಂಬ ಕೆಳಮಿತಿಯನ್ನು ಅದರಿಂದ ತುಸು ಮೇಲಕ್ಕೆ ತಂದರೆ ಮಿಣುಕೂ ಹೊತ್ತಿಕೊಳ್ಳದ ದೂರೂ ಒಟ್ಟಿಗೆ ಹೋಗುತ್ತವೆ. ಎಲ್ಲ ಬಿಂದುವಿನಲ್ಲೂ ಮಿಣುಕಿದರೆ ಜೋಡಿ ಹೊಂದಿಲ್ಲ ಎಂದೇ ಅರ್ಥ. ಬಲ್ಬನ್ನು ಅಂಗಡಿಗೆ ಮರಳಿಸಿ, ಬೇರೆ ಕಂಪನಿಯದನ್ನು ತನ್ನಿ.

ಸ್ವಿಚ್ ಆರಿಸಿದ ಮೇಲೂ ಬಲ್ಬು ಮಂಕಾಗಿ ಉರಿಯುತ್ತಿದ್ದರೆ ಸಾಮಾನ್ಯವಾಗಿ ಎರಡರಲ್ಲಿ ಒಂದು ಕಾರಣವಿರುತ್ತದೆ. ಸ್ವಿಚ್ಚಿನಲ್ಲಿ ಪುಟ್ಟ ಕೆಂಪು ಇಂಡಿಕೇಟರ್ ಇದ್ದರೆ ಅದರ ಮೂಲಕ ಹರಿಯುವ ಎಳೆಯಷ್ಟು ಕರೆಂಟೇ ಎಲ್‌ಇಡಿಗೆ ಸಾಕಾಗುತ್ತದೆ. ಇಂಡಿಕೇಟರ್ ಇಲ್ಲದ ಸ್ವಿಚ್ ಹಾಕಿಸಿ. ಇಂಡಿಕೇಟರ್ ಇಲ್ಲದಿದ್ದರೂ ಮಂಕು ಬೆಳಕಿದ್ದರೆ ಸ್ವಿಚ್ ನ್ಯೂಟ್ರಲ್ಲಿನಲ್ಲಿದೆಯೇ ಎಂದು ಪರೀಕ್ಷಿಸಿ. ಇದ್ದರೆ ಆ ದಿನವೇ ಸರಿಪಡಿಸಬೇಕು, ಬಲ್ಬಿಗಾಗಿ ಅಲ್ಲ, ಮನೆಯವರ ಸುರಕ್ಷತೆಗಾಗಿ.

ಕರೆಂಟು ಹೋದಾಗ ಮಾತ್ರ ಗುಂಯ್‌ಗುಟ್ಟಿ ಮಿಣುಕುತ್ತದೆಯೇ? ಇನ್ವರ್ಟರ್ ನೋಡಿ. ಕಡಿಮೆ ಬೆಲೆಯ ಸ್ಕ್ವೇರ್ ವೇವ್ ಇನ್ವರ್ಟರುಗಳ ಅಲೆ ನುಣುಪಾಗಿ ಏರಿಳಿಯದೆ ಮೆಟ್ಟಿಲಂತೆ ಜಿಗಿಯುತ್ತದೆ. ಡಿಮ್ಮರಿನ ಲೆಕ್ಕವೆಲ್ಲ ನುಣುಪಾದ ಅಲೆಯನ್ನೇ ನಂಬಿದ್ದು. ಇಂಥ ಇನ್ವರ್ಟರ್ ಇರುವ ಮನೆಯಲ್ಲಿ ಡಿಮ್ಮರ್ ದೀಪವನ್ನು ಇನ್ವರ್ಟರ್ ಲೈನಿನಿಂದ ಹೊರಗಿಡಿ. ಅದೇ ಕೋಣೆಯ ಬೇರೊಂದು ಸಾಮಾನ್ಯ ಎಲ್‌ಇಡಿ ಆ ಹೊತ್ತಿಗೆ ಸಾಕು. ಸೈನ್ ವೇವ್ ಇನ್ವರ್ಟರ್ ಇದ್ದವರಿಗೆ ಈ ಚಿಂತೆ ಇಲ್ಲ.

ಎಲ್ಲ ಸರಿಹೋದ ಮೇಲೆ ಬಲ್ಬಿನ ಮತ್ತು ಡಿಮ್ಮರಿನ ಕಂಪನಿ, ಮಾದರಿ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದು ಎಂಸಿಬಿ ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿ. ನಾಲ್ಕು ವರ್ಷದ ನಂತರ ಒಂದು ಬಲ್ಬು ಹೋದಾಗ ಯಾವುದನ್ನು ತರಬೇಕೆಂದು ಯಾರೂ ತಡಕಾಡಬೇಕಾಗುವುದಿಲ್ಲ.

ಈ ಕೆಲಸದ ಭರದಲ್ಲಿ ದೇವರ ಮನೆಯ ಝೀರೋ ವ್ಯಾಟ್ ಬಲ್ಬನ್ನು ಮರೆಯಬೇಡಿ. ಹೆಸರು ಝೀರೋ ಆದರೂ ಹಳೆಯ ಮಾದರಿಯದು ಸುಮಾರು 15 ವ್ಯಾಟ್ ತೆಗೆದುಕೊಳ್ಳುತ್ತದೆ. ಹಗಲೂ ರಾತ್ರಿ ಉರಿದರೆ ತಿಂಗಳಿಗೆ ಸುಮಾರು 11 ಯೂನಿಟ್. ಅರ್ಧ ವ್ಯಾಟಿನ ಎಲ್‌ಇಡಿ ಹಾಕಿದರೆ ಅದು ಅರ್ಧ ಯೂನಿಟ್ಟಿಗೂ ಕೆಳಗೆ ಬರುತ್ತದೆ. ಡಿಮ್ಮರೂ ಬೇಡ, ಎಲೆಕ್ಟ್ರಿಷಿಯನ್ನರೂ ಬೇಡ.

ತೆಗೆದ ಹಳೆಯ ಬಲ್ಬುಗಳಲ್ಲಿ 100 ವ್ಯಾಟಿನದೊಂದನ್ನು ಎತ್ತಿಡಿ. ಎಲೆಕ್ಟ್ರಿಷಿಯನ್ನರು ದುರಸ್ತಿಗೆ ಬಂದಾಗ ಸೀರೀಸ್ ಲ್ಯಾಂಪಿಗೆ, ಅಂದರೆ ದೋಷ ಹುಡುಕುವ ಪರೀಕ್ಷೆಯ ದೀಪಕ್ಕೆ, ಅದನ್ನು ಕೇಳುತ್ತಾರೆ. ಕೋಳಿಮರಿಗಳಿಗೆ ಕಾವು ಕೊಡಲು ತಂತಿಯ ಬಲ್ಬನ್ನು ಹಾಕಿದ್ದರೆ ಅಲ್ಲಿಯೂ ಅದೇ ಇರಲಿ. ಮರಿಗಳಿಗೆ ಬೇಕಾದದ್ದು ಅದರ ಶಾಖ, ಎಲ್‌ಇಡಿ ಅದನ್ನು ಕೊಡಲಾರದು. ಉಳಿದವನ್ನು ಕಾಗದದಲ್ಲಿ ಸುತ್ತಿ, ಮೇಲೆ ಗಾಜು ಎಂದು ಬರೆದು ಒಣ ಕಸಕ್ಕೆ ಕೊಡಿ, ಕಸ ಎತ್ತುವವರ ಕೈಗೆ ಚುಚ್ಚಬಾರದು. ಮನೆಯ ಮೂಲೆಯಲ್ಲಿ ಸಿಎಫ್‌ಎಲ್ ಉಳಿದಿದ್ದರೆ ಅದರೊಳಗೆ ಪಾದರಸವಿರುತ್ತದೆ, ಒಡೆಯದಂತೆ ಇ-ತ್ಯಾಜ್ಯ ಸಂಗ್ರಹ ಕೇಂದ್ರಕ್ಕೇ ತಲುಪಿಸಿ. ಕೆಟ್ಟ ಎಲ್‌ಇಡಿಯೂ ಅಲ್ಲಿಗೇ ಹೋಗಬೇಕು.